ತಿಮ್ಮಿಯ ಎರಡೂವರೆ ಬಟ್ಟಲು

ನಮ್ಮ ಮನೆಯಲ್ಲಿ ಯಾರಾದರೂ ಹೊತ್ತು ಮೀರಿ ಮಲಗಿದರೆ, ಒಲೆಯ ಮೇಲಿನ ಹಾಲು ಉಕ್ಕಿಸಿದರೆ, ಬಸ್ಸು ತಪ್ಪಿಸಿಕೊಂಡರೆ ಹಿರಿಯರು ಕೇಳುತ್ತಿದ್ದದ್ದು ಒಂದೇ: “ಎಂತದೇ, ತಿಮ್ಮಿಯ ಎರಡೂವರೆ ಬಟ್ಟಲಾ?” ಇದು ಎಲ್ಲರ ಮನೆಯಲ್ಲೂ ಇರುವ ಮಾತು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಶಿರಸಿಯ ಹೈಸ್ಕೂಲಿನಲ್ಲಿ ತಡವಾಗಿ ಬಂದ ಗೆಳತಿಯೊಬ್ಬಳಿಗೆ ಹಾಗೆಂದಾಗ ಅವಳು ಮಿಕಮಿಕ ನೋಡಿ, “ಯಾವ ತಿಮ್ಮಿ?” ಎಂದಳು. ಆಗಲೇ ಗೊತ್ತಾಗಿದ್ದು, ಅದು ನಮ್ಮ ಮನೆಯದೇ ಮಾತು, ತಿಮ್ಮಿ ಎಂಬವಳು ನಿಜವಾಗಿ ಇದ್ದವಳು ಎಂದು.

ತಿಮ್ಮಿ ಕಾನಸೂರಿನ ಸೂಲಗಿತ್ತಿ. ನನ್ನ ಅಪ್ಪನ ಅಕ್ಕ ಗೌರಕ್ಕ ಹುಟ್ಟಿದಾಗ ಹೆರಿಗೆ ಮಾಡಿಸಿದವಳೂ, ಬಾಣಂತಿಕೋಣೆಯ ಬಾಗಿಲಲ್ಲಿಟ್ಟ ಘಳಿಗೆ ಬಟ್ಟಲು ನೋಡಿಕೊಂಡವಳೂ ಅವಳೇ. ತಾಮ್ರದ ಪುಟ್ಟ ಬಟ್ಟಲು, ತಳದಲ್ಲಿ ಸೂಜಿಮೊನೆಯಷ್ಟು ತೂತು. ಸೂರ್ಯ ಹುಟ್ಟುತ್ತಲೇ ಅದನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಡಬೇಕು. ತುಂಬಿ ಮುಳುಗಿದರೆ ಒಂದು ಘಳಿಗೆ. ತೆಗೆದು, ಮತ್ತೆ ತೇಲಿಬಿಟ್ಟು, ಲೆಕ್ಕ ಇಡಬೇಕು. ಮಗು ಅತ್ತಾಗ ತಿಮ್ಮಿ ಹೇಳಿದ ಲೆಕ್ಕ ಐದು. ಅಂಗಳದಲ್ಲಿದ್ದ ನನ್ನ ಅಜ್ಜ, ಊರಿನವರ ಬಾಯಲ್ಲಿ ಹೆಗಡೇರು, ಜೇಬಿನ ಗಡಿಯಾರ ತೆಗೆದು ನೋಡಿ ಟಿಪ್ಪಣಿ ಬರೆದುಕೊಂಡ. ಆ ವೇಳೆ ಹಿಡಿದು ಸೋಂದೆಯ ಕಡೆಯ ಜೋಯಿಸರೊಬ್ಬರು ಜಾತಕ ಬರೆದರೆ ಏಳೂವರೆ ಘಳಿಗೆ ಬಂತು. ಎರಡೂವರೆ ಬಟ್ಟಲು ವ್ಯತ್ಯಾಸ. ಗಡಿಯಾರ ತಪ್ಪುವುದುಂಟೆ? ರಾತ್ರಿಯೆಲ್ಲ ಎದ್ದಿದ್ದ ತಿಮ್ಮಿ ಬೆಳಗಿನಲ್ಲಿ ತೂಕಡಿಸಿರಬೇಕು ಎಂದು ತೀರ್ಮಾನವಾಯಿತು. ತೀರ್ಮಾನ ತಮಾಷೆಯಾಯಿತು, ತಮಾಷೆ ಮನೆಮಾತಾಯಿತು.

ತಿಮ್ಮಿಯ ಮಗ ಕೆರಿಯನಿಗೆ ಈಗ ಎಂಬತ್ತೇಳು. ಸ್ವಂತ ಗದ್ದೆ, ಅರ್ಧ ಎಕರೆ ತೋಟ, ಮನೆ ತುಂಬ ಮಕ್ಕಳು ಮೊಮ್ಮಕ್ಕಳು. ಗೌರಕ್ಕನಿಗೆ ಎಂಬತ್ತೊಂದು ನಡೆಯುತ್ತಿದೆ. ಹುಟ್ಟಿದ್ದೂ ಕಾನಸೂರು, ಕೊಟ್ಟಿದ್ದೂ ಕಾನಸೂರು. ಅವಳ ಮಗ ಸುಭಾಷ ಬಸ್‌ ನಿಲ್ಲುವಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಅಂಗಡಿಯ ಹಿಂದೆಯೇ ಮನೆ, ಮುಂದೆ ಒಂದು ಬೆಂಚು. ದಿನಾ ಸಂಜೆ ಅದರ ಈ ತುದಿಗೆ ಗೌರಕ್ಕ, ಆ ತುದಿಗೆ ಕೆರಿಯ. ನಾನು ಸಿದ್ದಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ಶಿರಸಿಗೆ ಮರಳುವಾಗ ಬಸ್ಸಿನ ಕಿಟಕಿಯಿಂದ ಈ ಇಬ್ಬರನ್ನು ಹದಿನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಬೆಳಗಿನಿಂದ ಡಬ್ಬಿ, ಪಾಠ, ಉತ್ತರಪತ್ರಿಕೆ, ಮನೆಗೆ ಹೋದರೆ ಮಗಳು ಭೂಮಿಕಾಳ ಹೋಂವರ್ಕು. ಇದರ ನಡುವೆ ಆ ಬೆಂಚು ಕಂಡರೆ ಸಾಕು, ಅರ್ಧ ನಿಮಿಷ ನಾನೂ ಲಂಗದ ಹುಡುಗಿಯಾಗುತ್ತಿದ್ದೆ. ರಜೆಯಲ್ಲಿ ಅದೇ ಬೆಂಚಿನ ನಡುವೆ ಕೂತು, ಕೆರಿಯ ತಂದುಕೊಟ್ಟ ಮುರುಗಲು ಹಣ್ಣು ಚೀಪುತ್ತ, ಅವರಿಬ್ಬರ ಜಗಳ ಕೇಳಿದವಳು ನಾನು.

“ನಮ್ಮವ್ವ ಕಣ್ಣು ಮುಚ್ಚಲಿಲ್ರಾ ಗೌರಮ್ಮ,” ಎನ್ನುತ್ತಿದ್ದ ಕೆರಿಯ.

“ಹೌದೋ, ಮುಚ್ಚಲಿಲ್ಲ. ಎರಡೂವರೆ ಬಟ್ಟಲು ತೆರೆದ ಕಣ್ಣಲ್ಲೇ ಗೊರಕೆ ಹೊಡೆದ್ಳು!” ಎನ್ನುತ್ತಿದ್ದಳು ಗೌರಕ್ಕ. ಕೆರಿಯ ನಗುತ್ತಿದ್ದ. ನಗುತ್ತಿದ್ದ ಎಂದೇ ನಾನು ತಿಳಿದಿದ್ದೆ.

ಈ ವರ್ಷ ದೀಪಾವಳಿಯ ಮೊದಲು ಕೆರಿಯನ ಮೊಮ್ಮಗಳು ಚೇತನಾಳ ಮಗುವಿನ ತೊಟ್ಟಿಲು ಶಾಸ್ತ್ರ ಇತ್ತು. ಗೌರಕ್ಕ ಹೋಗಿದ್ದಳು. ಯಲ್ಲಾಪುರದಿಂದ ಬೀಗರು ಬರುವುದು ತಡವಾಯಿತು. ಜಗುಲಿ ತುಂಬ ಜನ. ಗೌರಕ್ಕ ಸುಮ್ಮನಿರದೆ, “ಎಂತ ಬೀಗರೇ, ನಿಮಗೂ ತಿಮ್ಮಿಯ ನಿದ್ದೆ ಹತ್ತಿತಾ?” ಎಂದಳು. ಬೀಗರಿಗೆ ಅರ್ಥವಾಗಲಿಲ್ಲ. ಯಾರೋ ಬಿಡಿಸಿ ಹೇಳಿದರು. ಎಲ್ಲರೂ ನಕ್ಕರು. ಕೆರಿಯ ಎದ್ದು ಒಳಗೆ ಹೋದ. ಅವತ್ತಿನಿಂದ ಬೆಂಚಿನ ಆ ತುದಿ ಖಾಲಿ.

“ಬರದಿದ್ರೆ ಬ್ಯಾಡ,” ಎಂದಳು ಗೌರಕ್ಕ, ನಾನು ಕೇಳಿದಾಗ. “ಇದ್ದಿದ್ದೇ ಹೇಳಿದ್ದು ಆನು. ಹೋಗಿ ಕೈ ಮುಗಿದು ಕರೆಯವಾ ಅಂವನ್ನ?” ಆದರೂ ಅವಳು ಕೂರುತ್ತಿದ್ದದ್ದು ಈ ತುದಿಯಲ್ಲೇ. ಇಡೀ ಬೆಂಚು ತನ್ನದಾಗಿದ್ದರೂ ನಡುವಿಗೆ ಸರಿಯಲಿಲ್ಲ.

ಇದೇ ದಿನಗಳಲ್ಲಿ ನನ್ನ ತಲೆಯ ಮೇಲೆ ಇನ್ನೊಂದು ಕೆಲಸ ಬಿದ್ದಿತ್ತು. ಕಾಲೇಜಿನ ಕೆಲಸದ ಜೊತೆಗೆ ನಾನು ಒಂದು ಡೇಟಾಬೇಸನ್ನು ನೋಡಿಕೊಳ್ಳುವವರಲ್ಲಿ ಒಬ್ಬಳು. ಅದಕ್ಕೆ ಒಡೆಯರಿಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ಬೇರೆ ಬೇರೆ ದೇಶದ ಮೂವತ್ತು ಮೂವತ್ತೈದು ಜನ ಬಿಡುವಿನಲ್ಲಿ ಕೂತು ಬೆಳೆಸಿದ್ದು. ಅದರಲ್ಲಿ ನನ್ನ ಪಾಲು ದಿನಾಂಕ ಮತ್ತು ವೇಳೆ. ಕಂಪ್ಯೂಟರಿಗೆ ಸೋಮವಾರ, ಮಂಗಳವಾರ, ಬೆಳಗು, ಬೈಗು ಏನೂ ಗೊತ್ತಿಲ್ಲ. ಒಂದು ಗೊತ್ತಾದ ಕ್ಷಣದಿಂದ ಹಿಂದೆಮುಂದೆ ಸೆಕೆಂಡು ಎಣಿಸುವುದಷ್ಟೇ ಅದರ ಬಾಳು. ಯಾರಾದರೂ “ಆಗ ನಮ್ಮ ಊರಲ್ಲಿ ಎಷ್ಟು ಗಂಟೆ?” ಎಂದು ಕೇಳಿದರೆ ಆ ಎಣಿಕೆಯನ್ನು ಊರಿನ ಗಡಿಯಾರಕ್ಕೆ ಹೊಂದಿಸಿ ಹೇಳಬೇಕು. ಹೊಂದಿಸುವಲ್ಲೇ ಎಡವಟ್ಟು.

ಈ ಸಲದ ದೂರು ಒಬ್ಬ ಗ್ರಂಥಪಾಲಕರದ್ದು. ಎರಡನೆಯ ಮಹಾಯುದ್ಧದ ಕಾಲದ ತಂತಿ ಸಂದೇಶಗಳನ್ನು ಅವರು ಸೇರಿಸುತ್ತ ಹೋದಂತೆ, ಭಾರತದಿಂದ ಹೋದ ತಂತಿಗಳೆಲ್ಲ ಕಳಿಸಿದ್ದಕ್ಕಿಂತ ಮೊದಲೇ ತಲುಪಿದಂತೆ ಕಾಣುತ್ತಿದ್ದವಂತೆ. ಹುಡುಕಿದೆ. ತಪ್ಪು ಸಿಕ್ಕಿದ್ದು ನಾನೇ ಆರು ವರ್ಷದ ಹಿಂದೆ ಬರೆದ ಸಾಲಿನಲ್ಲಿ. ಲೆಕ್ಕ ಬೇಗ ಆಗಲೆಂದು ಒಂದು ಅಡ್ಡದಾರಿ ಹಾಕಿ, ಪಕ್ಕದಲ್ಲಿ ಟಿಪ್ಪಣಿ ಬರೆದಿದ್ದೆ: ‘ಭಾರತದ ಗಡಿಯಾರ ಯಾವತ್ತೂ ಬದಲಾಗುವುದಿಲ್ಲ. ಸದಾ ಐದೂವರೆ ಗಂಟೆ ಮುಂದೆ.’ ಬೇರೆ ದೇಶದವರು ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವುದನ್ನು ಕಂಡು ಮನಸ್ಸಿನಲ್ಲೇ ನಕ್ಕು ಬರೆದ ಸಾಲು ಅದು. ಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ಹದಿನೈದರವರೆಗೆ, ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು ಎಂದು ನನಗೆ ಯಾರೂ ಹೇಳಿರಲಿಲ್ಲ. ಕೇಳುವ ಗೋಜಿಗೆ ನಾನೂ ಹೋಗಿರಲಿಲ್ಲ.

ಅಡ್ಡದಾರಿ ಕಿತ್ತುಹಾಕಿ ತಿದ್ದುಪಡಿ ಕಳಿಸಿದೆ. ಅದನ್ನು ಪರಿಶೀಲಿಸುವ ಪೋಲೆಂಡಿನ ಹೆಂಗಸು ಬಲು ಖಡಕ್ಕು. “ತಿದ್ದಿದ್ದು ಸರಿ ಕಾಣುತ್ತದೆ. ಜೊತೆಗೆ ಒಂದು ಪರೀಕ್ಷೆ ಬೇಕು. ಕೋಷ್ಟಕ ನೋಡಿ ಮಾಡಿದ ಉದಾಹರಣೆ ಬೇಡ. ಆ ಮೂರು ವರ್ಷದಲ್ಲಿ ಯಾರೋ ನಿಜವಾಗಿ ಕಂಡ ಒಂದು ಕ್ಷಣ ಕೊಡು. ಗಡಿಯಾರ ಏನು ಹೇಳಿತು, ಸೂರ್ಯ ಏನು ಹೇಳಿದ, ಎರಡೂ ಇರಬೇಕು,” ಎಂದು ಬರೆದಳು. ಎಲ್ಲಿಂದ ತರಲಿ? ಒಂದು ವಾರ ಹಾಗೇ ಬಿಟ್ಟಿದ್ದೆ.

ಆ ಸಂಜೆ ಸಿದ್ದಾಪುರದಿಂದ ಹೊರಟ ಬಸ್ಸು ಕಾನಸೂರು ಮುಟ್ಟುವಾಗ ತೀರಾ ತಡವಾಗಿತ್ತು. ಇಳಿಯುವವರು ಇಳಿಯುತ್ತಿದ್ದರು. ಬೆಂಚಿನಿಂದ ಗೌರಕ್ಕ ಕಂಡಕ್ಟರನಿಗೆ ಕೂಗಿದಳು: “ಏನೋ ತಮ್ಮಾ, ಎಲ್ಲಿ ಮಲಗಿದ್ರಿ? ತಿಮ್ಮಿಯ ಎರಡೂವರೆ ಬಟ್ಟಲು ಆತೇನೋ?”

ಸಾವಿರ ಸಲ ಕೇಳಿದ ಮಾತು. ಅವತ್ತು ಮಾತ್ರ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತಲ್ಲ, ಅದಕ್ಕೆ ಇದೂ ಸಿಕ್ಕಿಬಿತ್ತು. ಬಟ್ಟಲೊಂದಕ್ಕೆ ಇಪ್ಪತ್ನಾಲ್ಕು ನಿಮಿಷ. ಎರಡು ಬಟ್ಟಲಿಗೆ ನಲವತ್ತೆಂಟು. ಅರ್ಧ ಬಟ್ಟಲಿಗೆ ಹನ್ನೆರಡು. ಕೂಡಿಸಿದರೆ ಅರವತ್ತು. ತೂಕಡಿಸುವವರು ಯಾರಾದರೂ ಅಚ್ಚುಕಟ್ಟಾಗಿ ಒಂದು ಗಂಟೆ ತೂಕಡಿಸುತ್ತಾರೆಯೆ? ಗೌರಕ್ಕ ಹುಟ್ಟಿದ್ದು ಯಾವ ವರ್ಷ? “ಇಳೀತೆ, ನಿಲ್ಸಿ!” ಎಂದು ಕೂಗಿ, ಬ್ಯಾಗು ಎಳೆದುಕೊಂಡು, ಹೊರಟ ಬಸ್ಸಿನಿಂದ ಇಳಿದೆ.

“ಎಂತ ಆತೇ ಕೂಸೆ?” ಗೌರಕ್ಕ ಗಾಬರಿಯಾದಳು.

“ಅಜ್ಜನ ಟಿಪ್ಪಣಿ ಪುಸ್ತಕ ಇದ್ದಾ ಗೌರಕ್ಕಾ? ನೀ ಹುಟ್ಟಿದ್ದು ಬರೆದಿದ್ದು?”

“ಟ್ರಂಕಲ್ಲಿ ಇದ್ದು. ಮೊದ್ಲು ಆಸರಿಗೆ ಕುಡಿ.”

ಬಾಯಾರಿಕೆಗೆ ಕೊಟ್ಟ ಮಜ್ಜಿಗೆ ಕುಡಿದೆ. ಪುಸ್ತಕ ಬಂತು. ಕೆಂಪು ಬಟ್ಟೆಯ ರಟ್ಟು, ಒಳಗೆ ಕಂದಿದ ಹಾಳೆ, ಕರ್ಪೂರದ ವಾಸನೆ. ಚಿಕ್ಕಂದಿನಲ್ಲಿ ಅಜ್ಜ ಇದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಅವನು ಕನ್ನಡಕ ಏರಿಸಿ, ನಾಲಿಗೆಗೆ ಬೆರಳು ತಾಗಿಸಿ ಹಾಳೆ ತಿರುವುತ್ತಿದ್ದ ರೀತಿ ನೆನಪಾಗಿ, ನನ್ನ ಬೆರಳೂ ತಾನಾಗಿ ನಾಲಿಗೆಗೆ ಹೋಯಿತು. ತಾರಣ ಸಂವತ್ಸರ, ಮಾರ್ಗಶಿರ, ಶುಕ್ರವಾರ. ಪಕ್ಕದಲ್ಲಿ ಇಂಗ್ಲಿಷ್ ತಾರೀಖು: 1-12-1944. ‘ಬೆಳಿಗ್ಗೆ ಗಂ. 9-40ಕ್ಕೆ ಹೆಣ್ಣು ಶಿಶು ಜನನ. ಪಂಚಾಂಗದ ಸೂರ್ಯೋದಯ 6-40. ಜೋಯಿಸರು ಘಳಿಗೆ ಏಳೂವರೆ ಎಂದರು. ತಿಮ್ಮಿಯ ಲೆಕ್ಕ ಐದು. ತಿಮ್ಮಿಗೆ ಜೋಂಪು ಹತ್ತಿರಬೇಕು.’

1944. ಯುದ್ಧ ಇನ್ನೂ ಮುಗಿದಿರಲಿಲ್ಲ. ಅಜ್ಜನ ಗಡಿಯಾರದ ಒಂಬತ್ತು ನಲವತ್ತು ಎಂದರೆ ಸೂರ್ಯನ ಲೆಕ್ಕಕ್ಕೆ ಎಂಟು ನಲವತ್ತು. ಉದಯದಿಂದ ಎರಡು ಗಂಟೆ. ಐದು ಬಟ್ಟಲು.

“ಗೌರಕ್ಕಾ,” ಎಂದೆ. “ತಿಮ್ಮಿ ನಿದ್ದೆ ಮಾಡಿದ್ದಿಲ್ಲೆ.”

ವಿವರಿಸಿದೆ. ಸರಕಾರ ಗಡಿಯಾರ ಮುಂದಿಟ್ಟಿದ್ದು, ಜೋಯಿಸರ ಪಂಚಾಂಗ ಹಳೆಯ ಗಂಟೆಯದ್ದು, ಅಜ್ಜನ ಗಡಿಯಾರ ಹೊಸ ಗಂಟೆಯದ್ದು, ಎರಡನ್ನೂ ಬೆರೆಸಿದ್ದು. ಗೌರಕ್ಕ ಕೇಳುತ್ತ ಕೇಳುತ್ತ ಸೆರಗು ಬಿಗಿಮಾಡಿಕೊಂಡಳು.

“ಹಂಗಾರೆ ಅಪ್ಪಯ್ಯನ ಗಡಿಯಾರ ಸುಳ್ಳು ಹೇಳ್ತು ಹೇಳಿ ಹೇಳ್ತ್ಯಾ? ಪ್ರತಿ ಸಂತೆಗೆ ಶಿರಸಿ ಪೋಸ್ಟಾಫೀಸಿನ ಗಡಿಯಾರ ನೋಡಿ ಕೀಲಿ ತಿರುಗಿಸ್ತಿದ್ದ ಅಂವ. ಊರಿಗೆಲ್ಲ ಅದೊಂದೇ ಗಡಿಯಾರ. ಅವನಿಗೆ ಗೊತ್ತಾಗ್ತಿತ್ತಿಲ್ಯಾ, ಗಂಟೆ ಬದಲಾದ್ದು?”

“ಅಂವ ಗಡಿಯಾರ ತಗಂಡಿದ್ದು ಯಾವಾಗ?”

“ಯಾವಾಗ ಹೇಳಿ... ಆನು ಹುಟ್ಟೂಲೆ ಒಂದು ವರ್ಷ ಮೊದ್ಲು ಹೇಳಿ ಆಯಿ ಹೇಳ್ತಿತ್ತು.”

1943. ಅಂದರೆ ಅಜ್ಜನ ಕೈಗೆ ಬಂದಾಗಲೇ ಆ ಗಡಿಯಾರ ಯುದ್ಧದ ಗಂಟೆಯಲ್ಲಿ ನಡೆಯುತ್ತಿತ್ತು. ಅವನಿಗೆ ಬೇರೆ ಗಂಟೆಯೇ ಗೊತ್ತಿರಲಿಲ್ಲ. ಆದರೆ ಇದು ನನ್ನ ಊಹೆ. ಗೌರಕ್ಕನ ಮುಖ ನೋಡಿದರೆ ಊಹೆಗೆಲ್ಲ ಒಪ್ಪುವ ಹಾಗಿರಲಿಲ್ಲ. ತೊಂಬತ್ತು ಮಳೆಗಾಲ ಕಂಡು ಸತ್ತ ಅಪ್ಪನ ಮಾತು ಒಂದು ಕಡೆ, ನಿನ್ನೆ ಮೊನ್ನೆಯ ಕಂಪ್ಯೂಟರಿನವಳ ಮಾತು ಇನ್ನೊಂದು ಕಡೆ. ನಾನು ಸುಮ್ಮನೆ ಹಾಳೆ ಮಗುಚುತ್ತ ಹೋದೆ. ಎಮ್ಮೆ ಕರು ಹಾಕಿದ್ದು, ಬಾವಿಗೆ ಕಲ್ಲು ಕಟ್ಟಿಸಿದ್ದು, ಗೌರಿಗೆ ಮೊದಲ ಹಲ್ಲು. ಮುಂದಿನ ವರ್ಷದ ಅಕ್ಟೋಬರಿನಲ್ಲಿ ಒಂದು ಸಾಲು ಕಂಡಿತು. ಓದಿ ನಗು ತಡೆಯಲಾಗಲಿಲ್ಲ. ಗಟ್ಟಿಯಾಗಿ ಓದಿದೆ:

“‘ತಾ. 16-10-45. ಸಂತೆಗೆ ಶಿರಸಿಗೆ ಹೋಗಿದ್ದಾಗ ನೋಡಲಾಗಿ, ನಮ್ಮ ಗಡಿಯಾರ ಪೋಸ್ಟಿನ ಗಡಿಯಾರಕ್ಕಿಂತ ಸರಿಯಾಗಿ ಒಂದು ತಾಸು ಮುಂದೆ ಓಡಿದೆ. ರಿಪೇರಿಗೆ ಕೊಟ್ಟೆನು. ರಿಪೇರಿಯವನು ದೋಷವೇನೂ ಇಲ್ಲವೆಂದು ಹಿಂದಕ್ಕೆ ಕೊಟ್ಟನು. ಅವನಿಗೆ ಕೆಲಸ ಬರುವುದಿಲ್ಲ.’”

ಸರಕಾರ ಗಡಿಯಾರವನ್ನು ಹಿಂದಕ್ಕಿಟ್ಟಿದ್ದು ಹದಿನೈದಕ್ಕೆ. ಅಜ್ಜ ಸಂತೆಗೆ ಹೋಗಿದ್ದು ಮಾರನೆಯ ದಿನ.

ಗೌರಕ್ಕ ಪುಸ್ತಕ ಕಸಿದುಕೊಂಡು ತಾನೇ ಓದಿದಳು. ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದಳು. ಆಮೇಲೆ ಬೆಂಚಿನ ಆ ತುದಿಯನ್ನು ನೋಡಿದಳು.

“ರಿಪೇರಿಯವಂಗೂ ಬೈದಿದ್ದ,” ಎಂದಳು ಮೆಲ್ಲಗೆ. “ಅಪ್ಪಯ್ಯ ಸೈ.” ಪುಸ್ತಕ ಮುಚ್ಚಿ, “ತಿಮ್ಮಿ ಯನ್ನ ಎಣ್ಣೆ ಹಚ್ಚಿ ಮೀಯಿಸಿದ್ದು. ಮೂರು ತಿಂಗಳು ಅದರ ಕಾಲ ಮೇಲೇ ಬೆಳೆದವಳು ಆನು. ದೊಡ್ಡಾದ ಮೇಲೆ ಅದರೆದುರೇ ಹೇಳ್ತಿದ್ದೆ ಇದನ್ನ, ಎಲ್ಲರಂಗೆ. ಒಂದಿನಾನೂ ತಿರುಗಿ ಎಂತ ಹೇಳಿದ್ದಿಲ್ಲೆ ಅದು,” ಎಂದಳು.

“ಜಾತಕವೂ ತಪ್ಪಾತು ಹಂಗಾರೆ,” ಎಂದೆ, ಅವಳನ್ನು ಹಗುರ ಮಾಡಲು.

“ಆಗ್ಲಿ ಬಿಡೆ. ಗಂಡ ಹೋಗಿ ಹನ್ನೆರಡು ವರ್ಷ ಆತು. ಇನ್ನು ಯಾವ ವರ ನೋಡವು?” ಎದ್ದು ಚಪ್ಪಲಿ ಹುಡುಕಿದಳು. “ನಡಿ.”

“ಎಲ್ಲಿಗೆ?”

“ಎಲ್ಲಿಗೆ ಹೇಳಿ ಕೇಳ್ತೆ? ಬರದಿದ್ದವರ ಮನೆಗೆ.”

ಸುಭಾಷನಿಂದ ಆ ಎರಡು ಹಾಳೆ ಸ್ಕ್ಯಾನ್ ಮಾಡಿಸಿಕೊಂಡು, ಮನೆಗೆ ಫೋನು ಮಾಡಿ ಭೂಮಿಕಾಗೆ ಊಟ ಬಡಿಸುವ ಕೆಲಸ ಅವಳಪ್ಪನಿಗೆ ಒಪ್ಪಿಸಿ, ಗೌರಕ್ಕನ ಕೈ ಹಿಡಿದು ಹೊರಟೆ. ಬಿಸಿಲು ಇನ್ನೂ ಗದ್ದೆಯ ಅಂಚಿನಲ್ಲಿತ್ತು. ಕೆರಿಯ ಜಗುಲಿಯಲ್ಲಿ ಕೂತು ಬುಟ್ಟಿಯ ತಳ ಕಟ್ಟುತ್ತಿದ್ದ. ನಮ್ಮನ್ನು ಕಂಡು ತಲೆ ಎತ್ತಿ, ಮತ್ತೆ ಬುಟ್ಟಿಗೇ ಬಗ್ಗಿದ.

“ಬರ್ರಿ ತಂಗೀ, ಕೂತ್ಕಳಿ,” ಎಂದ ನನಗೊಬ್ಬಳಿಗೇ.

ಗೌರಕ್ಕ ಕೂರಲಿಲ್ಲ. ನಿಂತೇ ಪುಸ್ತಕ ತೆರೆದು ಹದಿನಾರನೆಯ ತಾರೀಖಿನ ಸಾಲನ್ನು ಶಾಲೆಯ ಮಗುವಿನ ಹಾಗೆ ಓದಿದಳು. ಓದಿ ಮುಗಿಸಿ, “ಕೆರಿಯಾ, ನಮ್ಮಪ್ಪಯ್ಯನ ಗಡಿಯಾರ ಒಂದು ತಾಸು ಮುಂದಿತ್ತು. ನಿನ್ನವ್ವ ಕಣ್ಣು ಮುಚ್ಚಲಿಲ್ಲ,” ಎಂದಳು.

ಕೆರಿಯ ಬುಟ್ಟಿ ಕೆಳಗಿಟ್ಟ. “ಈಗ ಗೊತ್ತಾಯ್ತಾ?”

“ಈಗ ಗೊತ್ತಾಯ್ತು.”

“ನಂಗೆ ಆವತ್ತೇ ಗೊತ್ತಿತ್ತು. ಬಟ್ಟಲು ಮುಳುಗಿದಾಗೆಲ್ಲ ಒಂದೊಂದು ಅಡಕೆ ಮಡ್ಲಲ್ಲಿ ಹಾಕ್ಕಂತಿತ್ತು ನಮ್ಮವ್ವ, ಲೆಕ್ಕ ತಪ್ಪಬಾರ್ದು ಅಂತ. ಮನೆಗೆ ಬಂದು ಮಡ್ಲು ಕೊಡವಿದ್ರೆ ಐದು ಅಡಕೆ. ನಾ ಅದ್ರಲ್ಲೇ ಆಟ ಆಡಿದ್ದು. ಹೇಳಿದ್ರೆ ಯಾರು ಕೇಳ್ತಾರೆ? ಗಡಿಯಾರ ಹೇಳ್ತಲ್ಲ!” ಅವನ ಧ್ವನಿ ಏರಿತು. “ಆಮೇಲೂ ಹೆರಿಗೆಗೆ ಕರೀತಿದ್ರು. ಬಟ್ಟಲು ನೋಡೂಕೆ ಮಾತ್ರ ಬೇರೆಯವ್ರು. ಸಾಯೂವರೆಗೂ ನಮ್ಮವ್ವ ಬೇರೆ ಯಾರ ಮನೆ ಬಟ್ಟಲೂ ಮುಟ್ಟಲಿಲ್ಲ.”

ಗೌರಕ್ಕ ಜಗುಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಕೆರಿಯ ಒಳಗೆ ಹೋದ. ಮುನಿದೇ ಹೋದ ಎಂದುಕೊಂಡೆ. ಹೊರಗೆ ಬಂದಾಗ ಅವನ ಕೈಯಲ್ಲಿ ಅದೇ ಘಳಿಗೆ ಬಟ್ಟಲು ಇತ್ತು. ಗಡಿಯಾರ ಇರುವಾಗ ಇದೇಕೆ ಎಂದು ಅಜ್ಜ ತಿಮ್ಮಿಗೇ ಕೊಟ್ಟುಬಿಟ್ಟಿದ್ದನಂತೆ. ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ತಾಮ್ರ ಎಳೆಯ ಮಾವಿನ ಚಿಗುರಿನ ಬಣ್ಣಕ್ಕೆ ಬಂದಿತ್ತು.

“ನೋಡೇಬಿಡುವ,” ಎಂದ. “ಬಟ್ಟಲೇ ಸುಳ್ಳು ಅಂತ ನಾಳೆ ಮತ್ಯಾರೂ ಹೇಳೂದು ಬ್ಯಾಡ. ತಂಗೀ, ನಿಮ್ಮ ಫೋನಲ್ಲಿ ವೇಳೆ ಹಿಡೀರಿ.”

ಚೇತನಾ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತಂದಿಟ್ಟಳು. ಕೆರಿಯ ಎರಡು ಬೆರಳಲ್ಲಿ ಬಟ್ಟಲು ಹಿಡಿದು ನೀರಿನ ಮೇಲೆ ಬಿಟ್ಟ. ಅದು ಒಂದು ಸುತ್ತು ತಿರುಗಿ ನಿಂತಿತು. ತಳದಿಂದ ನೀರಿನ ಸಣ್ಣ ಮಣಿಯೊಂದು ಎದ್ದಿತು.

ಇಬ್ಬರು ಮುದುಕರು ಪಾತ್ರೆಯ ಎರಡು ಬದಿಗೆ ಬಗ್ಗಿ ಕೂತಿದ್ದರು, ಬೆಂಚಿನಲ್ಲಿ ಕೂತ ಹಾಗೇ, ನಡುವೆ ಅಷ್ಟೇ ಜಾಗ ಬಿಟ್ಟು. ನಾನು ಆ ಜಾಗದಲ್ಲಿ ಕೂತಿದ್ದೆ. ಬಾಯಲ್ಲಿ ಎಲ್ಲಿಂದಲೋ ಮುರುಗಲು ಹಣ್ಣಿನ ಹುಳಿ ಬಂತು. ಎಷ್ಟು ವರ್ಷವಾಯಿತು, ಹೀಗೆ ಏನೂ ಮಾಡದೆ ಒಂದು ವಸ್ತುವನ್ನು ನೋಡುತ್ತ ಕೂತು. ಫೋನಿನಲ್ಲಿ ಅಂಕಿಗಳು ಓಡುತ್ತಿದ್ದವು. ಬಟ್ಟಲಿಗೆ ಅವಸರವಿರಲಿಲ್ಲ.

“ಮಗು ಎಂತ ಮಾಡ್ತಿದೆ?” ಎಂದಳು ಗೌರಕ್ಕ ಕೊನೆಗೆ.

“ಮಲಗ್ಯದೆ,” ಎಂದ ಕೆರಿಯ.

“ಹೆಸರು ಎಂತ ಇಟ್ರಿ? ಆವತ್ತು ಗಲಾಟೆಯಲ್ಲಿ ಕೇಳಲೇ ಇಲ್ಲ.”

“ಗಲಾಟೆ ಮಾಡಿದ್ಯಾರು?”

“ನಾನೇ ಮಾರಾಯ. ಈಗ ಹೆಸರು ಹೇಳ್ತೀಯೋ ಇಲ್ಲವೋ?”

ಹೇಳುವಷ್ಟರಲ್ಲಿ ನೀರು ಅಂಚು ಮುಟ್ಟಿತು. ಬಟ್ಟಲು ತುಸು ವಾಲಿ, ‘ಟಣ್’ ಎಂದು ತಳ ಸೇರಿತು. ಫೋನು ಒತ್ತಿ ನಿಲ್ಲಿಸಿದೆ. ಇಪ್ಪತ್ನಾಲ್ಕು ನಿಮಿಷ, ಒಂಬತ್ತು ಸೆಕೆಂಡು.

“ಒಂಬತ್ತು ಸೆಕೆಂಡು ಜಾಸ್ತಿ,” ಎಂದೆ.

“ನಿಮ್ಮ ಫೋನು ರಿಪೇರಿಗೆ ಕೊಡಿ,” ಎಂದ ಕೆರಿಯ.

ಗೌರಕ್ಕ ನಕ್ಕಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ಕೆರಿಯ ನೀರಿಗೆ ಕೈ ಹಾಕಿ ಬಟ್ಟಲು ತೆಗೆದ. ಅಭ್ಯಾಸವಿದ್ದವರ ಹಾಗೆ ಒಂದು ಸಲ ಕೊಡವಿ, ಮಗುಚಿ ಮೊಣಕಾಲ ಮೇಲಿಟ್ಟುಕೊಂಡ.

ಪರೀಕ್ಷೆಯನ್ನು ಆ ವಾರವೇ ಬರೆದು ಕಳಿಸಿದೆ. 1944 ಡಿಸೆಂಬರ್ 1, ಗಡಿಯಾರದ ಪ್ರಕಾರ ಒಂಬತ್ತು ನಲವತ್ತು, ಸೂರ್ಯೋದಯದಿಂದ ಐದು ಘಳಿಗೆ. ಎರಡೂ ಒಂದೇ ಕ್ಷಣವಾಗಬೇಕು. ಹಳೆಯ ಸಾಲುಗಳೊಂದಿಗೆ ಓಡಿಸಿದರೆ ಒಂದು ಗಂಟೆಯ ತಪ್ಪು, ಹೊಸದರಲ್ಲಿ ಸರಿ. ಪ್ರತಿ ಪರೀಕ್ಷೆಗೂ ಒಂದು ಹೆಸರು ಕೊಡಬೇಕು. ‘ತಿಮ್ಮಿ’ ಎಂದು ಕೊಟ್ಟೆ. ಅಜ್ಜ ಮಾಡಿದ್ದನ್ನೇ ನಾನೂ ಮಾಡಿದ್ದವಳು, ಗಡಿಯಾರ ಯಾವತ್ತೂ ಬದಲಾಗುವುದಿಲ್ಲ ಎಂಬ ಆ ಟಿಪ್ಪಣಿಯನ್ನು ನನ್ನ ಕೈಯಾರೆ ಅಳಿಸಿದೆ. ಪೋಲೆಂಡಿನವಳು ಒಪ್ಪಿಕೊಂಡು, ಕೊನೆಗೆ ಕೇಳಿದಳು: “ತಿಮ್ಮಿ ಯಾರು?” ‘ಆ ಕ್ಷಣದ ಸಾಕ್ಷಿ’ ಎಂದು ಬರೆದೆ.

ಮುಂದಿನ ಸೋಮವಾರ ಬಸ್ಸು ಮತ್ತೆ ತಡ. ಕಾನಸೂರಿನಲ್ಲಿ ನಿಂತಾಗ ಕಿಟಕಿಯಿಂದ ಇಣುಕಿದೆ. ಬೆಂಚಿನ ಎರಡು ತುದಿಯೂ ತುಂಬಿತ್ತು. ಗೌರಕ್ಕ ಕಂಡಕ್ಟರನನ್ನು ನೋಡಿ ಬಾಯಿ ತೆರೆದಳು, ಎಂಬತ್ತು ವರ್ಷದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಬಾಯಿ ಮುಚ್ಚಿಕೊಂಡಳು. ಕೆರಿಯ ಓರೆಗಣ್ಣಿನಲ್ಲಿ ಅವಳನ್ನು ನೋಡಿ, ತಾನೇ ಕೂಗಿದ:

“ಏನ್ರೋ, ಹೆಗಡೇರ ಗಡಿಯಾರ ನೋಡಿ ಹೊರಟ್ರಾ?”

ಕಂಡಕ್ಟರನಿಗೆ ಏನೂ ತಿಳಿಯಲಿಲ್ಲ. ಗೌರಕ್ಕ ಮುಖ ಆ ಕಡೆ ತಿರುಗಿಸಿ ಕೂತಳು. ಬಸ್ಸು ಹೊರಟಾಗ ಅವಳ ಭುಜ ಅಲುಗುತ್ತಿತ್ತು, ನಗುವಿಗೆ.